ಸಿಪೋರಾ ಮೌಶಿಯ ಅರ್ಧ ಹರಕೆ

ಡಬ್ಬಿಯನ್ನು ಮೂರು ಸಲ ತಿಕ್ಕಿ ತೊಳೆದೆ. ಒಮ್ಮೆ ಸಾಬೂನು ಹಚ್ಚಿ, ಒಮ್ಮೆ ಕಡಲೆಹಿಟ್ಟು ಹಚ್ಚಿ, ಒಮ್ಮೆ ಹಿಂಡಿ ಬಿಟ್ಟ ನಿಂಬೆಹಣ್ಣಿನ ಹೋಳಿನಿಂದ. ಆದರೂ ನೀಲಿ ಮುಚ್ಚಳ ತೆಗೆದರೆ ಸಾಕು, ಸಬ್ಜಾ ಎಲೆಯ ವಾಸನೆ ಬಂದೇ ಬರುತ್ತದೆ. ಕಾಮಕಸ್ತೂರಿ ಅನ್ನುತ್ತಾರಲ್ಲ, ಅದೇ. ಅದರ ಬೆನ್ನಿಗೆ ಹಸಿ ಕೊಬ್ಬರಿ, ಅದರ ಬೆನ್ನಿಗೆ ಏಲಕ್ಕಿ. ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅರವತ್ತು ದಾಟಿದ ಹೆಂಗಸು ನಾನು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು, ಆದರೂ ಕೈಗೆ ಬುದ್ಧಿ ಬಂದಿಲ್ಲ. ಅದಕ್ಕೆ ಇನ್ನೂ ನಮ್ಮ ಆಯಿಯ ಮಾತೇ ನೆನಪು: "ಅವರ ಮನಿದು ಏನೂ ಬಾಯಾಗ ಹಾಕೊಬ್ಯಾಡ." ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಆ ಮಾತು ಕೇಳಿ ನಾನು ಒಂದು ತುತ್ತು ತಿನ್ನದೆ ಬಿಟ್ಟೆ, ಅದರಿಂದ ಒಬ್ಬ ಹೆಂಗಸಿನ ಹರಕೆ ಅರ್ಧಕ್ಕೆ ನಿಂತಿತು. ಆ ಹರಕೆ ನನ್ನ ಜೀವದ ಸಲುವಾಗಿಯೇ ಹೊತ್ತದ್ದು. ಇದನ್ನು ಹೋದ ತಿಂಗಳವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ಸೊಲ್ಲಾಪುರದ ಹಳೇ ಪೇಟೆಯಲ್ಲಿ ನಮ್ಮದು ಎಣ್ಣೆ ಗಾಣದ ಮನೆ. ಮುಂದೆ ಅಂಗಡಿ, ನಡುವೆ ಗಾಣ, ಹಿಂದೆ ನಾವು. ನಸುಕಿನಲ್ಲಿ ಗಾಣ ತಿರುಗಲು ಶುರುವಾದರೆ ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ ಕಿರ್ರೋ ಅನ್ನುವ ಸದ್ದು, ಅದೇ ನಮಗೆ ಜೋಗುಳ, ಅದೇ ಗಡಿಯಾರ. ಶೇಂಗಾದ ವಾಸನೆ, ಕುಸುಬಿಯ ವಾಸನೆ, ಬೆಚ್ಚಗಿನ ಹಿಂಡಿಯ ವಾಸನೆ ನಮ್ಮ ಅಂಗಿ, ಕೂದಲು, ಪಾಟಿಚೀಲ ಎಲ್ಲದರಲ್ಲೂ ಇರುತ್ತಿತ್ತು. ಸಾಲೆಯಲ್ಲಿ ನನ್ನ ಪಕ್ಕ ಕುಳಿತವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು, ಆಕೆಯ ನಾಜೂಕು ಮೂಗಿಗೆ ನಮ್ಮ ಎಣ್ಣೆ ಬೇಡ, ಆಕೆಯ ಮನೆಯ ಒಗ್ಗರಣೆಗೆ ಮಾತ್ರ ಬೇಕು. ಗಾಣಕ್ಕೆ ಒಂದೇ ಎತ್ತು, ಸೋಮ್ಯಾ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಮುತ್ಯಾ, ಅಂದರೆ ನಮ್ಮ ಅಜ್ಜ, ಅವತ್ತು ಸೋಮ್ಯಾನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ತಾನೂ ಅದರ ಪಕ್ಕದಲ್ಲೇ ಹೊರಸಿನ ಮೇಲೆ ಮಲಗುತ್ತಿದ್ದ. ಅನುಮಾನ ಮಾತ್ರ ನಮ್ಮ ಮನೆತನಕ್ಕೇ ಹತ್ತಿದ್ದು. ಶೇಂಗಾ ತಂದವನ ಚೀಲದ ತಳಕ್ಕೆ ಕೈ ಹಾಕಿ ನೋಡದೆ ಮಾತೇ ಆಡುತ್ತಿರಲಿಲ್ಲ. ಬೇರೆಯವರ ಎಣ್ಣೆ ಕಂಡರೆ ಬೆರಳಿಗೆ ಹಚ್ಚಿ ತಿಕ್ಕಿ ಮೂಸುವುದೇ. ಬೀಗರು ಬಂದರೂ ಆಯಿ ಮೊದಲು ಅವರ ಗಂಟು ನೋಡುತ್ತಿದ್ದಳು, ಆಮೇಲೆ ಮಾರಿ.

ನಮ್ಮ ಎದುರು ಮನೆಗೆ ಡ್ಯಾನಿಯಲ್ ಕಾಕಾ ಮತ್ತು ಸಿಪೋರಾ ಮೌಶಿ ಬಂದಾಗ ನನಗೆ ಆರು ವರ್ಷ ಇರಬೇಕು. ಕಾಕಾ ರೇಲ್ವೆ ಗಾರ್ಡ್ ಆಗಿದ್ದವರು. ಹೋಟಗಿಯಿಂದ ವಿಜಾಪುರದ ಕಡೆ ಹೋಗುವ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿಯೇ ಅವರ ಆಯುಷ್ಯ ಕಳೆದಿತ್ತು. ಪೆನ್ಶನ್ ಆದ ಮೇಲೆ ಹೋಟಗಿಯ ಕ್ವಾರ್ಟರ್ಸ್ ಬಿಟ್ಟು ನಮ್ಮ ಓಣಿಗೆ ಬಂದರು. ಕನ್ನಡ ಬರುತ್ತಿತ್ತು, ಆದರೆ ಸ್ಟೇಶನ್ ಬಂದ ಗಾಡಿ ಹಳಿ ಬದಲಿಸಿದ ಹಾಗೆ ನಡುವೆ ಮರಾಠಿಗೆ ಹೊರಳಿಬಿಡುತ್ತಿದ್ದರು. ಮೌಶಿ ಸಣ್ಣ ಆಳು, ಗೋಧಿ ಬಣ್ಣ, ಒಂಬತ್ತು ಮೊಳದ ಸೀರೆ, ಮೂಗಿನಲ್ಲಿ ನತ್ತು ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ, ಕೊರಳಲ್ಲಿ ಕರಿಮಣಿ ಮಾತ್ರ ಉಂಟು. ಅಲ್ಲಿಂದಲೇ ಆಯಿಯ ಅನುಮಾನ ಶುರುವಾಯಿತು. ಕರಿಮಣಿ ಇದ್ದ ಮೇಲೆ ಮುತ್ತೈದೆ, ಕುಂಕುಮ ಇಲ್ಲದ ಮೇಲೆ ಅದೆಂಥ ಮುತ್ತೈದೆ? ಸಾಬರೆಂದರೆ ನಮಾಜಿಲ್ಲ, ಕಿರಿಸ್ತಾನರೆಂದರೆ ಮನೆಯಲ್ಲಿ ಶಿಲುಬೆ ಇಲ್ಲ. ಕೇಳಿದರೆ, ನಾವು ಬೆನೆ ಇಸ್ರಾಯೆಲ್, ಯೆಹೂದಿಗಳು, ಅಂದರು. ಆ ಹೆಸರು ಆಯಿ ಜನ್ಮದಲ್ಲಿ ಕೇಳಿರಲಿಲ್ಲ.

ಅವರ ಬಾಗಿಲ ಚೌಕಟ್ಟಿಗೆ, ಎದೆಯ ಎತ್ತರಕ್ಕೆ, ಬೆರಳುದ್ದದ ಒಂದು ತಗಡಿನ ಕೊಳವೆ ಓರೆಯಾಗಿ ಬಡಿದಿತ್ತು. ಒಳಗೆ ಹೋಗುವಾಗ ಹೊರಗೆ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುತ್ತಿದ್ದರು. ಅದರೊಳಗೆ ಬರೆದ ಕಾಗದ ಉಂಟೆಂದು ಮೌಶಿಯೇ ಒಂದು ದಿನ ಹೇಳಿಬಿಟ್ಟಳು. ಸರಿ, ಯಂತ್ರ ಬರೆದು ಕಟ್ಟಿದ ಮನೆ ಅಂತ ಆಯಿ ತೀರ್ಪು ಕೊಟ್ಟಳು. ಅದಕ್ಕಿಂತ ದೊಡ್ಡ ಅಪರಾಧ ಶನಿವಾರದ್ದು. ಶನಿವಾರ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮೊದಲೇ ಅಡುಗೆ ಮುಗಿಸಿ, ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು ದೀಪ ಹಚ್ಚಿದರೆ ಮುಂದೆ ಬೆಂಕಿಯ ಸುದ್ದಿಯೇ ಇಲ್ಲ, ತಂಗಳುಣ್ಣುವುದು. ನಮ್ಮಲ್ಲಿ ಒಲೆ ಹಚ್ಚದಿರುವುದು ಯಾವಾಗ, ನಿಮಗೆ ಗೊತ್ತಲ್ಲ. ಮನೆಯಲ್ಲಿ ಹೆಣ ಇದ್ದಾಗ. "ವಾರಕ್ಕೊಮ್ಮೆ ಯಾರ ಸಾಯ್ತಾರ ಅವರ ಮನ್ಯಾಗ?" ಅಂತ ಆಯಿ ನಮ್ಮವ್ವನ ಕಿವಿಯಲ್ಲಿ ಕೇಳುತ್ತಿದ್ದಳು. ಅವ್ವನಿಗೆ ನಗು ಬಂದರೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಮುತ್ಯಾನಿಗೂ ಕಾಕಾನಿಗೂ ಮಾತ್ರ ಬೇಗ ಜೋಡಿ ಕೂಡಿತು. ಸಂಜೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕೂಡುತ್ತಿದ್ದರು. ಒಂದು ದಿನ ಕಾಕಾ ಗಾಣದ ಕಡೆ ನೋಡುತ್ತ, "ನಾವೂ ತೇಲೀನೇ, ಗಾಣಿಗರೇ ಬರ್ರಿ ಅಣ್ಣಾರ. ಕೊಂಕಣದಾಗ ನಮ್ಮ ಹಿರ್ಯಾರು ಗಾಣಾನೇ ಹೊಡೀತಿದ್ರು. ಶನಿವಾರ ಗಾಣ ನಿಂದರಸ್ತಿದ್ರು ಅಂತ ನಮಗ ಶನಿವಾರ ತೇಲಿ ಅಂತಿದ್ರು" ಅಂದರು. ಮುತ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ನಾವು ಸೋಮವಾರದವರು, ನೀವು ಶನಿವಾರದವರು. ನಡುವ ಭಾನುವಾರ ಒಂದ ಗ್ವಾಡಿ" ಅಂದ. ಆದರೆ ಒಳಗೆ ಅಕ್ಕಿ ಆರಿಸುತ್ತಿದ್ದ ಆಯಿಯ ಕೈ ನಿಂತಿತು. ಯಾಕೆಂದರೆ ನಮ್ಮ ಕಡೆ ಶನಿವಾರ ಯಾರೂ ಎಣ್ಣೆ ಕೊಂಡು ಮನೆಗೆ ಒಯ್ಯುವುದಿಲ್ಲ. ಶನಿವಾರದ ಎಣ್ಣೆ ಶನಿದೇವರಿಗೆ. ಅಂಗಡಿಯಲ್ಲಿ ಅವತ್ತು ಗಿರಾಕಿಯೇ ಇಲ್ಲ. ಎಣ್ಣೆ, ಶನಿವಾರ, ಒಲೆ ಹಚ್ಚದ ಮನೆ, ಬಾಗಿಲಿಗೆ ಯಂತ್ರ, ಈ ನಾಲ್ಕನ್ನೂ ಆಯಿ ಒಟ್ಟು ಮಾಡಿದಳು. ಅವರು ಶನಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಅಂತ ಆಕೆಗೆ ಖಾತ್ರಿಯಾಯಿತು. ಅಂದಿನಿಂದ ಮೌಶಿ ಕುಸುಬಿ ಎಣ್ಣೆಗೆ ಬಂದರೆ ಆಯಿ ಅಳೆದು ಕೆಳಗಿಡುತ್ತಿದ್ದಳು, ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಮೌಶಿ ಅದನ್ನು ಕಂಡೂ ಕಾಣದಂತೆ ಎತ್ತಿಕೊಂಡು ಹೋಗುತ್ತಿದ್ದಳು.

ನಾನು ಕದ್ದು ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರ ಹಿತ್ತಲಲ್ಲಿ ತಗಡಿನ ಡಬ್ಬಿಗಳಲ್ಲಿ ಸಬ್ಜಾ ಗಿಡಗಳಿದ್ದವು. ಮೌಶಿ ಒಂದು ಕುಡಿ ಚಿವುಟಿ, ಅಂಗೈಯಲ್ಲಿ ಹಿಸುಕಿ, ಕಣ್ಣು ಮುಚ್ಚಿ ಏನೋ ಪುಟುಪುಟು ಅಂದು ಮೂಸುತ್ತಿದ್ದಳು. ಏನಂದಿ ಮೌಶಿ, ಅಂತ ಕೇಳಿದರೆ, ವಾಸನೆ ಕೊಟ್ಟ ದೇವರಿಗೆ ಉಪಕಾರ ಹೇಳಿದೆ, ಅನ್ನುತ್ತಿದ್ದಳು. ಹಣ್ಣಿಗೆ ಬೇರೆ, ರೊಟ್ಟಿಗೆ ಬೇರೆ, ನೀರಿಗೆ ಬೇರೆ, ಎಲ್ಲದಕ್ಕೂ ಆಕೆಯ ಹತ್ತಿರ ಒಂದೊಂದು ಉಪಕಾರದ ಮಾತು ಇತ್ತು. ನನಗೆ ಅದು ವಿಚಿತ್ರ ಅನಿಸುತ್ತಿತ್ತು. ನಮ್ಮ ಮನೆಯಲ್ಲಿ ಬಂದದ್ದನ್ನು ಮೊದಲು ಪರೀಕ್ಷೆ ಮಾಡುತ್ತಿದ್ದೆವು, ಉಪಕಾರ ಹೇಳುವ ಪದ್ಧತಿಯೇ ಇರಲಿಲ್ಲ. ಅವರಿಗೆ ಒಬ್ಬನೇ ಮಗ, ಇಸ್ರಾಯೆಲ್‌ಗೆ ಹೋಗಿ ನೆಲೆಸಿದ್ದ. ಅಲ್ಲಿಂದ ಬಂದ ಕಾಗದವನ್ನು ಮೌಶಿ ಓದಿಸಿಕೊಂಡು ಓದಿಸಿಕೊಂಡು ಮಡಿಕೆ ಹರಿದುಹೋಗಿರುತ್ತಿತ್ತು. ಹೋಟಗಿಯಲ್ಲಿ ಮೊದಲು ಅವರ ಪೈಕಿ ಬಹಳ ಮನೆಗಳಿದ್ದವಂತೆ, ಡ್ರೈವರು, ಗಾರ್ಡು, ಮಾಸ್ತರು. ಒಬ್ಬೊಬ್ಬರೇ ಹೊರಟುಹೋಗಿ ಈಗ ಒಂದು ಹಬ್ಬಕ್ಕೂ ಜನ ಸಾಲುವುದಿಲ್ಲ ಅನ್ನುತ್ತಿದ್ದಳು.

ನನಗೆ ಎಂಟು ತುಂಬುವ ಹೊತ್ತಿಗೆ ವಿಷಮಜ್ವರ ಬಂತು. ಇಪ್ಪತ್ತು ದಿನಕ್ಕೂ ಹೆಚ್ಚು ಹಾಸಿಗೆ ಹಿಡಿದಿದ್ದೆ. ಗಂಜಿಯೂ ನಿಲ್ಲಲಿಲ್ಲ, ಕೂದಲು ಉದುರಿತು, ಕಡೆಗೆ ಡಾಕ್ಟರರೂ ಅಪ್ಪನ ಹೆಗಲ ಮೇಲೆ ಕೈ ಇಟ್ಟು ಹೋದರಂತೆ. ಮೌಶಿಯನ್ನು ಆಯಿ ಒಳಗೆ ಬಿಡಲಿಲ್ಲ. ಶನಿಯ ನೆರಳು ಬಿದ್ದೇ ಕೂಸು ಮಲಗಿತು ಅಂತ ಆಕೆಯ ಲೆಕ್ಕ. ಮೌಶಿ ಮಾತ್ರ ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ನಮ್ಮ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಕಿಟಕಿಯಿಂದ ಆಕೆಯ ಬೆನ್ನು ನನಗೆ ಕಾಣುತ್ತಿತ್ತು. ಒಂದು ದಿನ ಆಕೆ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಎಲಿಯಾಹು ಹನ್ನಾಬಿಗೆ ಹರಕಿ ಹೊತ್ತೀನಿ. ಗಂಗೂ ಎದ್ದು ಕುಂತರ ಮಲೀದಾ ಮಾಡ್ತೀನಿ. ಅಕೀನೇ ಮೊದಲ ತುತ್ತು ತಿನ್ನಬೇಕು, ಆವಾಗ ಹರಕಿ ಮುಟ್ಟತದ." ಹನ್ನಾಬಿ ಅಂದರೆ ಅವರ ಪ್ರವಾದಿ, ಬೆಂಕಿಯ ರಥದಲ್ಲಿ ಆಕಾಶಕ್ಕೆ ಹೋದವನು. ಹೋಗುವಾಗ ಕೊಂಕಣದ ಒಂದು ಬಂಡೆಯ ಮೇಲೆ ಅವನ ಕುದುರೆಯ ಗೊರಸು ಮೂಡಿದೆ ಅಂತ ಮೌಶಿ ನನಗೆ ಮೊದಲೇ ಕಥೆ ಹೇಳಿದ್ದಳು. ಗಂಗೂ ಅಂದರೆ ನಾನೇ. ನಾನು ಎದ್ದು ಕುಂತೆ. ಔಷಧದಿಂದಲೋ, ಅಪ್ಪ ಸಿದ್ಧರಾಮನಿಗೆ ಹೊತ್ತ, ನೆಲಕ್ಕೆ ಮೈ ಚಾಚುತ್ತ ಹೋಗುವ ದೀಡ ನಮಸ್ಕಾರದಿಂದಲೋ, ಆ ಬೆಂಕಿಯ ರಥದವನಿಂದಲೋ, ನನಗೆ ತಿಳಿಯದು. ಮೌಶಿಗೆ ಮಾತ್ರ ಗೊತ್ತಿತ್ತು.

ಮಲೀದಾ ಇಟ್ಟುಕೊಂಡದ್ದು ಶನಿವಾರ ದೀಪ ಹಚ್ಚುವ ಹೊತ್ತಿಗೆ. ಅವರ ಶನಿವಾರ ಹೊತ್ತು ಮುಳುಗಿದರೆ ಮುಗಿಯಿತು, ಆಗಲೇ ಮಂಗಳಕಾರ್ಯ. ಆಯಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನನ್ನನ್ನು ಕಳಿಸುವುದೇ ಇಲ್ಲ ಅಂದಳು. ಮುತ್ಯಾ ಎಂದೂ ದನಿ ಏರಿಸದವನು, ಅವತ್ತು ಏರಿಸಿದ. ಕಡೆಗೆ ಆಯಿ ನನ್ನ ಗಲ್ಲ ಹಿಡಿದು, "ಹೋಗು. ಖರೆ ಬಾಯಾಗ ಹಾಕೊಂಡಿ ಅಂದ್ರ ನಾ ಉಪವಾಸ ಬಿದ್ದು ಸಾಯ್ತೀನಿ. ತಾಟ ಮನಿಗೆ ತಗೊಂಬಾ" ಅಂದಳು. ಮುತ್ಯಾನ ಬೆರಳು ಹಿಡಿದು ಹೋದೆ. ಪುಣೆಯಿಂದ, ಹೋಟಗಿಯಿಂದ ಬಂದ ಗಂಡಸರು ಬಿಳಿ ಟೊಪ್ಪಿಗೆ ಹಾಕಿಕೊಂಡು ನೆಲದ ಮೇಲೆ ಸುತ್ತ ಕೂತಿದ್ದರು. ನಡುವೆ ಬಿಳಿ ಬಟ್ಟೆ, ಅದರ ಮೇಲೆ ದೊಡ್ಡ ಹಿತ್ತಾಳೆ ಪರಾತ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಹಸಿ ಕೊಬ್ಬರಿ, ದ್ರಾಕ್ಷಿ, ಬದಾಮಿ ಬೆರೆಸಿ ಗೋಪುರ ಮಾಡಿದ್ದರು, ಸುತ್ತ ಬಾಳೆಹಣ್ಣು, ಸೇಬು, ಖರ್ಜೂರ, ಮೇಲೆ ಗುಲಾಬಿ ಪಕಳೆ, ಸಬ್ಜಾದ ಕುಡಿ. ಹಾಡಿನಂಥ ದನಿಯಲ್ಲಿ ಎಲ್ಲರೂ ಕೂಡಿ ಓದಿದರು. ಹಾಡಿನ ಮಾತು ನನಗೆ ಹತ್ತಲಿಲ್ಲ, ಆದರೆ ನಡುನಡುವೆ ಮೌಶಿ ನನ್ನ ಕಡೆ ನೋಡಿದಾಗ ಇದೆಲ್ಲ ನನ್ನ ಸಲುವಾಗಿ ಅಂತ ಗೊತ್ತಾಗುತ್ತಿತ್ತು. ಮುಗಿದ ಮೇಲೆ ಒಂದು ಸಣ್ಣ ತಾಟಿನಲ್ಲಿ ಮೊದಲ ಮುಷ್ಟಿ ಹಾಕಿ ನನ್ನ ಕೈಗೆ ಕೊಟ್ಟಳು. "ಮನ್ಯಾಗ ತಿಂತೀನಿ" ಅಂದೆ. ಆಕೆ ಮುತ್ಯಾನ ಮಾರಿ ನೋಡಿದಳು. ಮುತ್ಯಾ ನೆಲ ನೋಡಿದ. "ಇವತ್ತೇ ತಿನ್ನು ಮಗಳೆ, ನಾಳಿಗಿ ಇಡಬ್ಯಾಡ" ಅಂದು ಬಿಟ್ಟಳು. ನಾನು ತಿನ್ನುವ ತನಕ ಬೇರೆ ಯಾರೂ ಪರಾತಕ್ಕೆ ಕೈ ಹಾಕುವಂತಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವರು ಎಷ್ಟು ಹೊತ್ತು ಕಾಯ್ದರೋ.

ವಾರಗಟ್ಟಲೆ ಗಂಜಿ ಕುಡಿದ ಬಾಯಿ ನನ್ನದು. ಓಣಿ ದಾಟುವಷ್ಟರಲ್ಲಿ ಬಾಯಲ್ಲಿ ನೀರು ತುಂಬಿತು. ಒಂದು ದ್ರಾಕ್ಷಿ ಎತ್ತಿಕೊಂಡರೆ ಯಾರಿಗೆ ತಿಳಿಯುತ್ತಿತ್ತು? ಆದರೆ ಆಯಿ ಹೊಸ್ತಿಲಲ್ಲೇ ನಿಂತಿದ್ದಳು. ಅನ್ನವನ್ನು ತಿಪ್ಪೆಗೆ ಚೆಲ್ಲುವ ಪಾಪಕ್ಕೆ ಆಕೆ ತಯಾರಿರಲಿಲ್ಲ. "ಸೋಮ್ಯಾನ ಮುಂದ ಹಾಕು. ಬಸವಣ್ಣಗ ಯಾವ ಗ್ರಹ ಹತ್ತತದ?" ಅಂದಳು. ನಾನೇ ಹೋಗಿ ಹಾಕಿದೆ. ಸೋಮ್ಯಾ ಎರಡು ಸಲ ನಾಲಿಗೆ ಹೊರಳಿಸಿದ, ತಾಟು ಖಾಲಿ. ಅವನ ಬಾಯಿಂದ ಏಲಕ್ಕಿಯ ವಾಸನೆ ಬಂದಾಗ ನನಗೆ ಅಳು ಬಂತು. ಆಯಿ ಅದನ್ನು ನೋಡಿ, ಗ್ರಹ ಬಿಡುವಾಗ ಹೀಗೇ ಆಗುತ್ತದೆ ಅಂತ ತಲೆ ಸವರಿದಳು.

ಮರುದಿನ ಬೆಳಿಗ್ಗೆ ಮೌಶಿ ತಾಟಿಗೆ ಬಂದಳು. ನಾನು ಗಾಣದ ಹತ್ತಿರ ಇದ್ದೆ, ತಾಟನ್ನು ತೊಳೆದು ಕೈಯಲ್ಲೇ ಹಿಡಿದುಕೊಂಡಿದ್ದೆ. "ಖಾಲ್ಲಂಸ ಕಾ, ಗಂಗೂ?" ಅಂತ ಕೇಳಿದಳು. ತಿಂದೆಯಾ, ಅಂತ. "ಹೋ" ಅಂದೆ, ಹೌದು ಅಂತ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಆಗ ಆಕೆಯ ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು. ಸೋಮ್ಯಾನ ಒದ್ದೆ ಮೂಗಿಗೆ ಗುಲಾಬಿಯ ಒಂದು ಪಕಳೆ ಅಂಟಿಕೊಂಡಿತ್ತು. ಮೌಶಿ ಹತ್ತಿರ ಹೋಗಿ, ಅದನ್ನು ಬಿಡಿಸಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಎತ್ತಿನ ಹಣೆ ಒಮ್ಮೆ ಸವರಿದಳು. "ಬರಂ" ಅಂದಳು, ಆಯಿತು ಅಂದ ಹಾಗೆ. ಬೈದಿದ್ದರೆ ಚೊಲೋ ಇತ್ತು, ನಾನೂ ಆಯಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಅಂದಿನಿಂದ ನಾನು ಅವರ ಹಿತ್ತಲಿಗೆ ಹೋಗಲಿಲ್ಲ. ಸಾಲೆಗೆ ಹೋಗುವಾಗ ಆಕೆ ಬಾಗಿಲಲ್ಲಿ ಕಂಡರೆ ಇನ್ನೊಂದು ಓಣಿ ಸುತ್ತಿ ಹೋಗುತ್ತಿದ್ದೆ.

ಅದೇ ವರ್ಷ ಮೌಶಿ, ಕಾಕಾ ಇಬ್ಬರನ್ನೂ ಅವರ ಮಗ ಇಸ್ರಾಯೆಲ್‌ಗೆ ಕರೆಸಿಕೊಂಡ. ಹೊರಡುವ ದಿನ ಓಣಿಯ ಮುಂದೆ ಟಾಂಗಾ ನಿಂತಿತ್ತು. "ಗಂಗೂ ಎಲ್ಲದಾಳ?" ಅಂತ ಮೌಶಿ ಎರಡು ಸಲ ಕೇಳಿದ್ದು ನನಗೆ ಕೇಳಿಸಿತು. ಎಣ್ಣೆ ಡಬ್ಬಿಗಳ ಹಿಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ. ಯಾರೂ ಹುಡುಕಲಿಲ್ಲ, ಗಾಡಿಯ ಹೊತ್ತಾಗಿತ್ತು. ಆ ಮನೆಯನ್ನು ಆಮೇಲೆ ಅಪ್ಪನೇ ಕೊಂಡ. ಬಾಗಿಲ ಕೊಳವೆಯನ್ನು ಅವರು ಬಿಚ್ಚಿಕೊಂಡು ಹೋಗಿದ್ದರು, ಎರಡು ಮೊಳೆಯ ತೂತು ಉಳಿದಿದ್ದವು. ಆಯಿ ಸ್ವತಃ ಸುಣ್ಣ ಕಲಸಿ ಅವನ್ನು ಮುಚ್ಚಿ, ಮೇಲೆ ವಿಭೂತಿ ಎಳೆದಳು. ಸಾಯುವ ತನಕ ಆಕೆಯ ಮನಸ್ಸು ಬದಲಾಗಲಿಲ್ಲ. ನನ್ನ ಜ್ವರ ಹೋದದ್ದು ಆ ತಾಟು ಎತ್ತಿಗೆ ಹಾಕಿದ್ದರಿಂದಲೇ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಜ್ವರ ಅದಕ್ಕೆ ಮೊದಲೇ ಬಿಟ್ಟಿತ್ತು ಅಂತ ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕರೆಯೂ ಅನುಮಾನವೂ ಒಂದೇ ಕೈಯಲ್ಲಿದ್ದ ಹೆಂಗಸು ಆಕೆ, ಈಗಲೂ ನನಗೆ ಬೇಕಾದವಳು.

ನನ್ನನ್ನು ಅಕ್ಕಲಕೋಟೆಯ ಹೊಲಮನೆಯವರಿಗೆ ಕೊಟ್ಟರು. ಚಪಳಗಾಂವದ ಕಡೆ ಹೊಲ, ಊರಲ್ಲಿ ಮನೆ. ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಗಂಗೂನನ್ನು ಸುಮಿತ್ರಾ ಮಾಡಿದರು. ತವರಿನಲ್ಲಿ ಗಾಣ ನಿಂತು ಮಶೀನು ಬಂತು, ಮಶೀನು ಹೋಗಿ ಪಾಕೀಟಿನ ಎಣ್ಣೆಯ ಏಜೆನ್ಸಿ ಬಂತು. ನನ್ನನ್ನು ಗಂಗೂ ಅಂತ ಕರೆಯುವವರು ಒಬ್ಬೊಬ್ಬರೇ ಹೋಗಿ ಈಗ ಯಾರೂ ಇಲ್ಲ. ಮೊಮ್ಮಕ್ಕಳು ಮರಾಠಿ ಸಾಲೆ ಕಲಿತವರು, ನನ್ನ ಹತ್ತಿರ ಕನ್ನಡ ಮಾತಾಡಿದರೂ ಓದಲು ಬರುವುದಿಲ್ಲ. ಇದನ್ನು ಬರೆಯುವಾಗ ಮಗ್ಗುಲಲ್ಲಿ ಬಂದು ನೋಡಿ, ಆಜಿ, ಕಾಯ್ ಲಿಹಿತೇಸ್, ಏನು ಬರೀತಿ ಅಜ್ಜಿ, ಅಂತ ಕೇಳಿ ಹೋಗುತ್ತಾರೆ. ನಮ್ಮ ಓಣಿಯಿಂದ ಮೌಶಿಯ ಜನ ಹೋದ ಹಾಗೆ ನಾವು ಕನ್ನಡದವರೂ ಕೂತಲ್ಲೇ ಹೋಗುತ್ತಿದ್ದೇವೆ ಅನಿಸುತ್ತದೆ.

ಹೋದ ತಿಂಗಳು ಸೊಲ್ಲಾಪುರದಿಂದ ನನ್ನ ತಮ್ಮನ ಮಗನ ಫೋನು ಬಂತು. "ಅತ್ತೀ, ಪರದೇಶದಾಕಿ ಒಬ್ಬಾಕಿ ಬಂದಿದ್ದಳು. ಎದುರ ಮನಿ ಫೋಟೋ ತೆಕ್ಕೊಂಡಾಳ, ಗಂಗೂ ಯಾರು ಅಂತ ಕೇಳಾಕತ್ತಿದ್ದಳು. ಮನಿ ಮ್ಯಾಲ ಹಕ್ಕ ಹೇಳಾಕ ಬಂದಿರಬೇಕು. ನಾ ಏನೂ ಹೇಳಿಲ್ಲ, ಆದರ ಓಣ್ಯಾಗಿನಾವ ಯಾವನೋ ಅಕ್ಕಲಕೋಟಿ ಅಂತ ನಿಮ್ಮ ಮನಿ ಗುರ್ತು ಹೇಳ್ಯಾನ. ಬಂದ್ರ ಬಾಯಿ ಬಿಡಬ್ಯಾಡ" ಅಂದ. ಮನೆತನದ ಹುಡುಗ, ಅನುಮಾನ ಎದೆಹಾಲಿನಲ್ಲೇ ಬಂದದ್ದು. ನನಗೂ ಅಷ್ಟೇ. ಅವತ್ತೇ ಮಧ್ಯಾಹ್ನ ರಿಕ್ಷಾ ನಿಂತ ಸದ್ದಾದಾಗ ಕಿಟಕಿಯ ಜಾಳಿಗೆಯಿಂದ ನೋಡಿದೆ. ಮೂವತ್ತರ ಹುಡುಗಿ, ಬೆನ್ನಿಗೆ ಚೀಲ, ಎರಡೂ ಕೈಯಲ್ಲಿ ನೀಲಿ ಮುಚ್ಚಳದ ಒಂದು ಡಬ್ಬಿ. ಅರ್ಧ ಬಾಗಿಲು ತೆರೆದು, ಅಡ್ಡ ನಿಂತುಕೊಂಡೆ.

ಆಕೆಯ ಮರಾಠಿ ವಿಚಿತ್ರವಾಗಿತ್ತು, ಹಳೇ ಕಾಲದ ಕೊಂಕಣದ ಮುದುಕಿಯ ಮಾತು ಹುಡುಗಿಯ ಬಾಯಲ್ಲಿ. ಹೆಸರು ತಾಮಾರ್ ಅಂದಳು, ಸಿಪೋರಾಬಾಯಿಯ ಮೊಮ್ಮಗಳು ಅಂದಳು. ಗಂಗೂ ಈ ಮನೆಯಲ್ಲಿ ಇದ್ದಾರೆಯೇ, ಅಂತ ಕೇಳಿದಳು. ನನ್ನ ಬಾಯಿ ನನಗಿಂತ ಮೊದಲು ಓಡಿತು. "ಗಂಗೂ ಇಲ್ಲ. ತೀರಿಕೊಂಡಾಳ. ನಾ ಸುಮಿತ್ರಾ" ಅಂದೆ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ, ಅವರ ಭಾಷೆಯ ಮೂರು ಮಾತು ಮೆಲ್ಲಗೆ ಅಂದಳು. ಆ ಮೂರು ಮಾತು ನನಗೆ ಗೊತ್ತಿದ್ದವು. ಓಣಿಯಲ್ಲಿ ಯಾರದೋ ಮನೆಯಲ್ಲಿ ಸಾವಾದಾಗ ಮೌಶಿ ತನ್ನ ಬಾಗಿಲಲ್ಲಿ ನಿಂತು ಅವನ್ನೇ ಅನ್ನುತ್ತಿದ್ದಳು, ಸತ್ತವರ ಸುದ್ದಿ ಕೇಳಿದರೆ ಅನ್ನುವ ಮಾತು ಅಂತ ನನಗೆ ಹೇಳಿದ್ದಳು. ಈ ಹುಡುಗಿ ನನ್ನನ್ನು ಕಂಡವಳಲ್ಲ. ನನ್ನ ಸಾವಿಗೆ ಅಳುತ್ತಿದ್ದಳು. ಅಜ್ಜಿ ನೂರರ ಹತ್ತಿರ ಬಂದು ಈ ಚಳಿಗಾಲದಲ್ಲಿ ಹೋದಳು, ಇದೊಂದು ಕೆಲಸ ನನಗೆ ಬಿಟ್ಟಿದ್ದಳು, ತಡ ಮಾಡಿದೆ, ಅಂತ ತನಗೇ ಹೇಳಿಕೊಳ್ಳುತ್ತಿದ್ದಳು. ಬಾಗಿಲು ಪೂರ್ತಿ ತೆರೆದೆ. "ಏಳವ್ವಾ, ನಾನೇ ಗಂಗೂ" ಅಂದೆ.

ಆಗ ಆಕೆ ತಲೆ ಎತ್ತಿ ನನ್ನನ್ನು ನೋಡಿದ ರೀತಿ ನಾನು ಚೆನ್ನಾಗಿ ಬಲ್ಲೆ. ಚೀಲದ ತಳಕ್ಕೆ ಕೈ ಹಾಕಿ ನೋಡುವವರ ನೋಟ ಅದು. ಗಂಗೂ ತೀರಿಕೊಂಡಳು ಅಂತ ನೀವೇ ಅಂದಿರಿ, ಬಾಗಿಲ ಮೇಲೆ ಸುಮಿತ್ರಾ ಅಂತ ಬರೆದಿದೆ, ಅಂದಳು. ಮದುವೆಯಲ್ಲಿ ಹೆಸರು ಬದಲಾಯಿತು ಅಂತ ಹೇಳಿದೆ. ಆಕೆಗೆ ಅದು ಕಟ್ಟುಕಥೆ ಅನಿಸಿರಬೇಕು. ಡಬ್ಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, ಒಂದು ಮಾತು ಕೇಳಲು ಅಜ್ಜಿ ಹೇಳಿದ್ದಾಳೆ, ಅಂದಳು. "ಆ ದಿನ ಅಜ್ಜಿ ಕೊಟ್ಟ ಮಲೀದಾ ನೀವು ತಿಂದಿರಾ?"

ತಿಂದೆ ಅನ್ನುವುದು ಸುಲಭವಿತ್ತು. ಹರಕೆ ಹೊತ್ತವಳ ಮೊಮ್ಮಗಳಿಗೆ ಸಮಾಧಾನವೂ ಆಗುತ್ತಿತ್ತು, ಮನೆತನದ ಮರ್ಯಾದೆಯೂ ಉಳಿಯುತ್ತಿತ್ತು. "ಇಲ್ಲ" ಅಂದೆ. "ಎತ್ತಿಗೆ ಹಾಕಿದೆ. ಕೇಳಿದಾಗ ತಿಂದೆ ಅಂತ ಸುಳ್ಳು ಹೇಳಿದೆ. ಎತ್ತಿನ ಮೂಗಿನ ಮೇಲೆ ಪಕಳೆ ಇತ್ತು, ನಿನ್ನ ಅಜ್ಜಿ ಅದನ್ನ ನೋಡಿದಳು." ಹುಡುಗಿ ಉಸಿರು ಬಿಟ್ಟಳು. ತಿಂದೆ ಅಂದವಳು ಗಂಗೂ ಅಲ್ಲ, ವಾಪಸು ಬಾ, ಅಂತ ಅಜ್ಜಿ ಹೇಳಿದ್ದಳು, ಅಂದಳು. ಆಮೇಲೆ ಚಪ್ಪಲಿ ಬಿಟ್ಟು, ನಾನು ಕರೆಯುವ ಮೊದಲೇ ಒಳಗೆ ಬಂದಳು.

ಪುಣೆಯಲ್ಲಿ ಅವರ ಕೆಲವು ಮನೆಗಳು ಇನ್ನೂ ಇವೆಯಂತೆ. ಅಲ್ಲಿನ ಹೆಂಗಸರನ್ನು ಕೇಳಿ ಮಲೀದಾ ಮಾಡಲು ಕಲಿತು, ಅಲ್ಲಿನವರ ಕೈಯಲ್ಲಿ ಪ್ರಾರ್ಥನೆ ಓದಿಸಿ, ಡಬ್ಬಿಯಲ್ಲಿ ತುಂಬಿ ನಸುಕಿನ ಗಾಡಿಗೆ ತಂದಿದ್ದಳು. ಅಡುಗೆಮನೆಯ ನೆಲದ ಮೇಲೆ ಎದುರಾಬದುರು ಕೂತೆವು. ನಿನ್ನ ಅಜ್ಜಿಗೆ ನನ್ನ ಮೇಲೆ ಬಹಳ ಸಿಟ್ಟಿತ್ತೇನು, ಅಂತ ಕೇಳಿದೆ. ಸಿಟ್ಟಲ್ಲ, ಅಂಜಿಕೆ, ಅಂದಳು ತಾಮಾರ್. ಹರಕೆ ಮುಟ್ಟಲಿಲ್ಲ, ಹುಡುಗಿಗೆ ಏನಾದರೂ ಆದರೆ ಹೇಗೆ ಅಂತ ಅಂಜಿಕೆ. ಪ್ರತಿ ವರ್ಷ ಆ ದಿನ ಬಂದರೆ ಅಜ್ಜಿ ಉಪವಾಸ ಇರುತ್ತಿದ್ದಳಂತೆ. ಮನೆಯ ಮಕ್ಕಳು ಯಾಕೆ ಅಂತ ಕೇಳಿದರೆ, ಸೊಲ್ಲಾಪುರದಲ್ಲಿ ನನ್ನ ಹುಡುಗಿ ಒಬ್ಬಳಿದ್ದಾಳೆ, ಅವಳಿಗೆ ಇನ್ನೊಂದು ವರ್ಷ ಕೇಳಿಕೊಳ್ಳುತ್ತಿದ್ದೇನೆ, ಅನ್ನುತ್ತಿದ್ದಳಂತೆ.

ತಾಮಾರ್ ಡಬ್ಬಿ ತೆರೆದು ನನ್ನ ಮುಂದೆ ಇಟ್ಟಳು. ನನ್ನ ಕೈ ಹಿಂದೆ ಸರಿಯಿತು, ಕೈಯನ್ನು ಮುಂದೆ ಎಳೆದುಕೊಂಡು ತಿಂದೆ. ಬಿಸಿಲಿಗೆ ಕೊಬ್ಬರಿ ಸ್ವಲ್ಪ ಹಳಸಿತ್ತು. ಹಾಲು ಮೂಸಿ ಚೆಲ್ಲುವವಳು ನಾನು, ಒಂದು ಅಗುಳೂ ಬಿಡಲಿಲ್ಲ. ಚೊಲೋ ಆಗ್ಯದ, ಅಂದೆ. ಡಬ್ಬಿಯನ್ನು ನನಗೇ ಬಿಟ್ಟು, ಸಂಜೆಯ ಬಸ್ಸಿಗೆ ತಾಮಾರ್ ಹೊರಟಳು. ಇನ್ನು ಹರಕೆ ತೀರಿತು, ಚಿಂತೆ ಇಲ್ಲ, ಅಂತ ನನ್ನ ಕೈ ಹಿಡಿದು ಹೇಳಿದಳು. ಆ ಮನೆಯಿಂದ ನಮಗೆ ಕೇಡಾಗುತ್ತದೆ ಅಂತ ನಮ್ಮವರು ಬಾಗಿಲು ಕಾಯ್ದರು. ನನಗೆ ಕೇಡಾಗಬಾರದು ಅಂತ ಆ ಹೆಂಗಸು, ಅಷ್ಟು ದೂರದಲ್ಲಿ, ತನ್ನ ಸ್ವಂತ ಮೊಮ್ಮಕ್ಕಳ ನಡುವೆ ಕೂತು, ವರ್ಷ ವರ್ಷ ಉಪವಾಸ ಬಿದ್ದಳು. ನಾನು ಇಷ್ಟು ದಿನ ಬದುಕಿದ್ದು ಅದರಿಂದಲೇ ಅಂತ ನಾನು ಹೇಳಲಾರೆ, ನಾನು ಅಷ್ಟು ನಂಬುವ ಜಾತಿಯಲ್ಲ. ಆದರೆ ಬಸ್ಸು ಹೋದ ಮೇಲೆ ಸ್ಟ್ಯಾಂಡಿನ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ನನ್ನ ಸಲುವಾಗಿ ಅಂಜುವವರು ಲೋಕದಲ್ಲಿ ಒಬ್ಬರಿದ್ದರು, ಅವರು ಹೋದ ಮೇಲೆ ನನಗೆ ಗೊತ್ತಾಯಿತು.